ಗಾಲಿಗೆ ಕೊಟ್ಟ ಕಲ್ಲು

ಹಳೆಯ ಟ್ರ್ಯಾಕ್ಟರಿನ ಹಿಂಭಾಗ ಜಾಕಿನ ಮೇಲೆ ನಿಂತಿತ್ತು. ಅಣ್ಣ ಅದರಡಿ ಅಂಗಾತ ಮಲಗಿ ಬೋಲ್ಟು ಬಿಚ್ಚುತ್ತಿದ್ದ. ತಮ್ಮ ಜಾಕಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ.

"ನಾನು ಬಿಡು ಅನ್ನೋಗಂಟ ಜಾಕ್ ಬಿಡಬ್ಯಾಡ. ಮುಂದ್ಲ ಗಾಲಿಗೆ ಕಲ್ಲು ಕೊಟ್ಟಿದ್ದೀಯೇನ್ಲಾ?"

"ಕೊಟ್ಟಿವ್ನಿ ಅಣ್ಣಯ್ಯ."

"ಇನ್ನೊಂದ್ಸಲ ನೋಡು. ಕಲ್ಲು ಕೊಡ್ದೆ ಮಗೀನ ತಿಂದ್ಕೊಂಡೋನು ನೀನು."

ಮೂರು ವರ್ಷದಿಂದ ಮನೆಯವರೆಲ್ಲ ಆಡುತ್ತಿದ್ದ ಮಾತೇ ಅದು. ಇಳಿಜಾರಿನಲ್ಲಿ ನಿಂತಿದ್ದ ಇದೇ ಟ್ರ್ಯಾಕ್ಟರ್ ತಾನಾಗಿ ಉರುಳಿ ತಮ್ಮನ ಮಗಳ ಮೇಲೆ ಹರಿದಿತ್ತು. ತಮ್ಮ ಎದ್ದು ಹೋಗಿ ನೋಡಿ ಬಂದ.

"ಕಲ್ಲು ಬಿಗಿಯಾಗೈತೆ. ಬರೀ ಜಾಕ್ ನಂಬಾದು ಬ್ಯಾಡ, ಆಕ್ಸಲ್ ಕೆಳಕ್ಕೆ ದಿಮ್ಮಿ ಕೊಡ್ಲಾ?"

"ಕೊಡು. ದಿಮ್ಮಿ ಗಿಡ್ಡಾಯ್ತದೆ, ಅದ್ರ ಕೆಳಕ್ಕೆ ಆ ಚಪ್ಪಟೆ ಕಲ್ಲು ಹಾಕು. ಹುಣಸೆಮರದ ಹಿಂದ್ಲ ಪೊದೇಲಿ ಬಿದ್ದೈತೆ ನೋಡು."

ತಮ್ಮ ಅಲ್ಲಾಡಲಿಲ್ಲ.

"ಅವತ್ತು ನಾನು ಗಾಲಿಗೆ ಕೊಟ್ಟಿದ್ದು ಅದೇ ಕಲ್ಲು. ಎಷ್ಟು ಹುಡುಕುದ್ರೂ ಸಿಕ್ನಿಲ್ಲ. ಪೊದೇಲೈತೆ ಅಂತ ನಿಂಗೆಂಗೆ ಗೊತ್ತು?"

ಸ್ಪ್ಯಾನರಿನ ಸದ್ದು ನಿಂತಿತು.

"ಗಾಡಿ ತಿರುಗ್ಸಾನ ಅಂತ ನಾನೇ ತಗ್ದು ಎಸ್ದಿದ್ದೆ. ತಿರ್ಗಾ ಕೊಡಾದು ಮರ್ತೆ. ಆಗಿದ್ದಾಗೋಯ್ತು, ಈಗ್ಯಾಕ್ಲಾ ಆ ಮಾತು? ಬಿಡು."

ತಮ್ಮ ಜಾಕ್ ಇಳಿಸುವ ತಿರುಪಿನ ಮೇಲೆ ಕೈಯಿಟ್ಟ.

"ಏನಂದೆ ಅಣ್ಣಯ್ಯ?"

"ಬಿಡು ಅಂದೆ ಕಣ್ಲಾ."

ತಮ್ಮ ಬಿಟ್ಟ.