ಕೂದಲಿಗೆ ಸಿಕ್ಕಿಕೊಂಡ ರೈಲು

ಚೀರಾಟ ಕೇಳಿ ಚಿಕ್ಕಮ್ಮ ಅಡುಗೆಮನೆಯಿಂದ ಓಡಿ ಬರುವಷ್ಟರಲ್ಲಿ ರೈಲು ಹುಡುಗಿಯ ತಲೆಗೆ ಏರಿಬಿಟ್ಟಿತ್ತು. ಆಟಿಕೆ ಸೇತುವೆಯ ಕೆಳಗಿನಿಂದ ಎಂಜಿನ್ನು ಬರುವ ಚಂದ ನೋಡಲು ಐದು ವರ್ಷದ ಹುಡುಗಿ ಮರದ ಹಳಿಯ ಪಕ್ಕದಲ್ಲೇ ಕೆನ್ನೆ ಊರಿ ಮಲಗಿದ್ದಳು. ಒಣಗಲೆಂದು ಬಿಟ್ಟ ಕೂದಲು ಹಳಿಯ ಮೇಲೆಲ್ಲ ಹರಡಿಕೊಂಡಿತ್ತು. ಬ್ಯಾಟರಿ ಎಂಜಿನ್ನಿಗೆ ಏನು ಗೊತ್ತು? ಚಕ್ರಕ್ಕೆ ಸಿಕ್ಕಿದ್ದನ್ನೆಲ್ಲ ಸುತ್ತಿಕೊಳ್ಳುತ್ತ ಕಿವಿಯ ಹಿಂದಿನವರೆಗೆ ಬಂದು ಕಚ್ಚಿಕೊಂಡಿತ್ತು. ಗರಗರ ತಿರುಗುತ್ತಲೇ ಇತ್ತು.

ನಿಲ್ಲಿಸುವ ಗುಂಡಿ ಎಂಜಿನ್ನಿನ ಹೊಟ್ಟೆಯ ಕೆಳಗಿತ್ತು. ಅದರ ಮೇಲೆ ಕೂದಲಿನ ಉಂಡೆ. ಚಿಕ್ಕಮ್ಮ ಹೆಬ್ಬೆರಳಿನಿಂದ ಚಕ್ರವನ್ನು ಅದುಮಿ ಹಿಡಿದಳು. ಚಕ್ರ ನಿಂತರೂ ಒಳಗಿನ ಮೋಟಾರು ಮಾತ್ರ ಹಲ್ಲು ಕಡಿಯುತ್ತಿತ್ತು. ಬೆರಳು ಜಾರಿದರೆ ಇನ್ನೊಂದು ಸುತ್ತು. ಇನ್ನೊಂದು ಕೈಯಿಂದ ಗಂಡನಿಗೆ ಫೋನ್ ಮಾಡಿದಳು. ಯಾವುದೋ ಕಟ್ಟಡದಲ್ಲಿ ಲಿಫ್ಟ್ ಸಿಕ್ಕಿಹಾಕಿಕೊಂಡಿದೆ ಎಂದು ಬೆಳಿಗ್ಗೆಯೇ ಕರೆ ಬಂದು ರಿಪೇರಿಗೆ ಹೊರಟುಹೋಗಿದ್ದ ಅವನಿಗೆ, ಲಿಫ್ಟಿನ ಆ ಬಾವಿಯಂಥ ಜಾಗದಲ್ಲಿ ಫೋನ್ ಹೋಗಲಿಲ್ಲ.

ಎರಡನೇ ಹೆಂಡತಿಯಾಗಿ ಈ ಮನೆಗೆ ಬಂದ ಮೇಲೆ ಗಂಡನ ಮಗಳೊಂದಿಗೆ ಅವಳೊಬ್ಬಳೇ ಮನೆಯಲ್ಲಿ ಉಳಿದದ್ದು ಇದೇ ಮೊದಲು. ಹುಡುಗಿ ಅವಳನ್ನು ಏನೆಂದೂ ಕರೆಯುತ್ತಿರಲಿಲ್ಲ. ಏನಾದರೂ ಬೇಕಾದರೆ ಹತ್ತಿರ ಬಂದು ಸುಮ್ಮನೆ ನಿಲ್ಲುತ್ತಿದ್ದಳು, ಅಷ್ಟೇ. ಇವತ್ತು ಸ್ನಾನವಾದ ಮೇಲೆ "ಜಡೆ ನಾನು ಹಾಕ್ಲಾ?" ಎಂದು ಕೇಳಿದ್ದಕ್ಕೆ ಎರಡೂ ಕೈಯಿಂದ ತಲೆ ಮುಚ್ಚಿಕೊಂಡಿದ್ದಳು.

ಈಗ ಚಿಕ್ಕಮ್ಮನ ಕಣ್ಣು ಮೇಜಿನ ಮೇಲಿದ್ದ ಕತ್ತರಿಯತ್ತ ಹೋಯಿತು. ಹುಡುಗಿಯೂ ಅದನ್ನು ನೋಡಿದಳು.

"ಕತ್ತರಿ ಬೇಡ! ಇದು ಅಮ್ಮ ಬೆಳೆಸಿದ ಕೂದ್ಲು! ಬೇಡಾ!"

"ಇಲ್ಲ ಪುಟ್ಟಾ, ಕತ್ತರಿಸಲ್ಲ."

"ಆಣೆ?"

"ಆಣೆ."

ಮಾತು ಕೊಟ್ಟಾಗಿತ್ತು. ಕೊಟ್ಟ ಮೇಲೆಯೇ ಭಯ ಹತ್ತಿದ್ದು. ಹುಡುಗಿಯ ಕೂಗು ನಾಲ್ಕು ಮನೆಗೆ ಕೇಳುವಂತಿತ್ತು. ಹೊಸದಾಗಿ ಬಂದವಳು ತಬ್ಬಲಿ ಮಗುವನ್ನು ಏನು ಮಾಡುತ್ತಿದ್ದಾಳೋ ಎಂದುಕೊಂಡರೆ? ಕಾಲು ಚಾಚಿ ಕಿಟಕಿಯ ಬಾಗಿಲನ್ನು ಒದ್ದು ಮುಚ್ಚಿದಳು. ಮುಚ್ಚಿದರೆ ಇನ್ನೂ ಅನುಮಾನ ಬರುತ್ತದಲ್ಲ ಎನ್ನಿಸಿ ಅದೇ ಕಾಲಿನಿಂದ ಮತ್ತೆ ತೆರೆದಳು.

ಬ್ಯಾಟರಿಯ ಮುಚ್ಚಳ ಎಂಜಿನ್ನಿನ ಬೆನ್ನ ಮೇಲೆ ಇತ್ತು. ಮಕ್ಕಳ ಕೈಗೆ ಸಿಗದಿರಲೆಂದು ಸಾಸಿವೆಯಷ್ಟು ಸಣ್ಣ ಸ್ಕ್ರೂ. ಉಗುರು ಹಾಕಿದಳು, ಉಗುರು ಮುರಿಯಿತು. ಆಮೇಲೆ ಹೊಳೆಯಿತು: ಅವಳು ಕೆಲಸ ಮಾಡುತ್ತಿದ್ದದ್ದು ಕನ್ನಡಕದ ಅಂಗಡಿಯಲ್ಲಿ. ಸಡಿಲವಾದ ಕನ್ನಡಕದ ಕಾಲು ಬಿಗಿಮಾಡುವ ಪುಟ್ಟ ಸ್ಕ್ರೂಡ್ರೈವರ್ ಸದಾ ಅವಳ ಕೈಚೀಲದಲ್ಲೇ ಇರುತ್ತಿತ್ತು. ಚೀಲ ಮಾತ್ರ ಆ ಮೂಲೆಯ ಕುರ್ಚಿಯಲ್ಲಿತ್ತು.

"ಇಬ್ರೂ ಒಟ್ಟಿಗೆ ತೆವಳ್ಕೊಂಡು ಹೋಗೋಣ. ನಾನು ಎಂಜಿನ್ ಹಿಡ್ಕೊಂಡಿರ್ತೀನಿ. ನೀನು ತಲೆ ಎಳೀಬೇಡ."

ಹಳಿ, ಸೇತುವೆ, ಡಬ್ಬಿಗಳನ್ನೆಲ್ಲ ಮೊಣಕಾಲಿನಿಂದ ತಳ್ಳುತ್ತ ಇಬ್ಬರೂ ಒಂದೇ ಪ್ರಾಣಿಯಂತೆ ಕೋಣೆ ದಾಟಿದರು. ಚೀಲದಲ್ಲಿ ತಡಕಿ ಸ್ಕ್ರೂಡ್ರೈವರ್ ತೆಗೆದುಕೊಟ್ಟವಳು ಹುಡುಗಿಯೇ. ಮುಚ್ಚಳ ಬಿಚ್ಚಿತು, ಬ್ಯಾಟರಿ ಟಪ್ಪೆಂದು ನೆಲಕ್ಕೆ ಬಿತ್ತು. ಮೋಟಾರಿನ ಸದ್ದು ನಿಂತಾಗ ಇಬ್ಬರ ಏದುಸಿರು ಮಾತ್ರ ಕೇಳಿಸಿತು.

ಇನ್ನು ಉಳಿದದ್ದು ಬಿಡಿಸುವ ಕೆಲಸ. ಮೇಜಿನ ಪಕ್ಕ ಕೂತು ಹುಡುಗಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಅಲ್ಲಿದ್ದ ತಲೆಎಣ್ಣೆಯನ್ನು ಬೆರಳಿಗೆ ಹಚ್ಚಿಕೊಂಡು, ಪಿನ್ನಿನ ತುದಿಯಿಂದ ಒಂದೊಂದೇ ಎಳೆ ಎತ್ತಿ, ಚಕ್ರವನ್ನು ಹಿಂದಕ್ಕೆ ತಿರುಗಿಸತೊಡಗಿದಳು.

"ನೋವಾದ್ರೆ ಹೇಳು."

"ಆಗ್ತಿದೆ."

"ಎಲ್ಲಿ?"

"ಎಲ್ಲಾ ಕಡೆ."

ಸ್ವಲ್ಪ ಹೊತ್ತಿನ ಮೇಲೆ ಹುಡುಗಿಯೇ ಕೇಳಿದಳು, "ಅಪ್ಪ ಬಂದ್ರೆ ಬೈತಾರಾ?"

"ಯಾರಿಗೆ?"

"ನಿಮಗೆ."

"ಬೈದ್ರೆ ಬೈಲಿ."

ಹುಡುಗಿಯ ಬಿಕ್ಕಳಿಕೆ ನಿಂತಿತು, ಉಸಿರು ನಿಧಾನವಾಯಿತು, ರೆಪ್ಪೆಗಳು ಮುಚ್ಚಿಕೊಂಡವು. ಕಿಟಕಿಯ ಬೆಳಕು ಗೋಡೆಯಿಂದ ಇಳಿದು ನೆಲಕ್ಕೆ ಬಂತು. ಚಿಕ್ಕಮ್ಮನ ಕಾಲು ಜೋಮು ಹಿಡಿದಿತ್ತು. ಮುಂದಿನ ಚಕ್ರ ಬಿಟ್ಟಿತು, ಹಿಂದಿನದೂ ಬಿಟ್ಟಿತು. ಕೊನೆಗೆ ಉಳಿದದ್ದು ಒಳಗಿನ ಹಲ್ಲುಚಕ್ರಕ್ಕೆ ಸಿಕ್ಕ ಒಂದಿಷ್ಟು ಎಳೆಗಳು. ಅವು ಹಿಂದೆಯೂ ಬರಲಿಲ್ಲ, ಮುಂದೆಯೂ ಹೋಗಲಿಲ್ಲ. ಕೈ ಚಾಚಿದರೆ ಕತ್ತರಿ ಸಿಗುತ್ತಿತ್ತು. ಅವಳು ಚಾಚಿದಳು ಕೂಡ. ಬೆರಳು ಮೇಜಿನ ಅಂಚು ಮುಟ್ಟಿದಾಗ ನಾಚಿಕೆಯಾಗಿ ಹಿಂದೆ ತೆಗೆದುಕೊಂಡಳು. ಮತ್ತೆ ಪಿನ್ನು ಹಿಡಿದಳು.

ಅಷ್ಟರಲ್ಲಿ ಬಾಗಿಲು ತೆರೆದು ಗಂಡ ಒಳಗೆ ಬಂದ. ಚೆಲ್ಲಾಪಿಲ್ಲಿಯಾದ ಹಳಿ, ನೆಲದ ಮೇಲೆ ಬ್ಯಾಟರಿ, ಹೆಂಡತಿಯ ತೊಡೆಯ ಮೇಲೆ ಮಗಳು, ಮಗಳ ಕಿವಿಯ ಹಿಂದೆ ಎಂಜಿನ್ನು. ನಿಂತಲ್ಲೇ ನಿಂತ.

"ಅಯ್ಯೋ, ಏನಿದು?"

"ಕೂದ್ಲು ಸುತ್ಕೊಂಡಿತು ರೀ. ಎಲ್ಲಾ ಬಿಡಿಸಿದೀನಿ. ಇಷ್ಟೇ ಬರ್ತಿಲ್ಲ."

ಅವನು ಬಗ್ಗಿ ನೋಡಿದ. ಬೈಯಲಿಲ್ಲ. ದೊಡ್ಡದೊಂದು ಉಸಿರು ಬಿಟ್ಟು ಮೇಜಿನ ಮೇಲಿದ್ದ ಕತ್ತರಿ ಎತ್ತಿಕೊಂಡ.

"ನಾಲ್ಕೆಳೆ ಕೂದ್ಲಿಗೆ ಇಷ್ಟೊತ್ತು ಕೂತಿದೀಯಾ? ಕೊಡಿಲ್ಲಿ, ಕತ್ತರಿಸಿಬಿಡ್ತೀನಿ. ನಿದ್ದೇಲಿದಾಳೆ, ಗೊತ್ತೂ ಆಗಲ್ಲ."

ಚಿಕ್ಕಮ್ಮ ಬಾಯಿ ತೆರೆಯುವ ಮೊದಲೇ, ತೊಡೆಯ ಮೇಲಿನ ಹುಡುಗಿ ಕಣ್ಣು ಬಿಡದೆ, ಅಲುಗಾಡದೆ ಹೇಳಿದಳು:

"ಸುಮ್ನಿರು ಅಪ್ಪಾ. ಅವರು ಬಿಡಿಸ್ತಿದಾರೆ."