ಗಂಗಿಬಾಯಿಯ ಫೋಲ್ಡರ್

ಸೋಮವಾರ ಬೆಳಿಗ್ಗೆ, ಕಂಪ್ಯೂಟರ್ ನೋಡಿಕೊಳ್ಳುವ ಜ್ಯೋತಿಬಾ ಪ್ರತಿಗಳನ್ನಿಡುವ ಎರಡನೇ ಸರ್ವರ್ ತೆರೆದು ನೋಡಿದ. ಮೊದಲನೆಯದರಂತೆ ಅದರಲ್ಲೂ ಆ ಧ್ವನಿಗಳಿರಲಿಲ್ಲ. ಸೂಪಾ ಅಣೆಕಟ್ಟಿಗಾಗಿ ಊರು ಬಿಟ್ಟ ಮುದುಕರನ್ನು ಹುಡುಕಿಕೊಂಡು ಹೋಗಿ, ಅವರ ಮಾತುಗಳನ್ನು ಸ್ವಪ್ನಾ ರೆಕಾರ್ಡ್ ಮಾಡಿ ತಂದಿದ್ದಳು. ಜ್ಯೋತಿಬಾ ಮತ್ತು ಅವಳು ಕೆಲಸ ಮಾಡುತ್ತಿದ್ದ ದಾಂಡೇಲಿಯ ಚಿಕ್ಕ ಸಂಸ್ಥೆಯ ಬಳಿ ಇದ್ದ ಆಸ್ತಿಯೆಂದರೆ ಅದೊಂದೇ.

"ಮೊದಲನೇದರಾಗ ಜಾಗ ಇರಲಿಲ್ಲೋ. ಇನ್ನೊಂದರಾಗ ಹೆಂಗೂ ಐತೆಲ್ಲಾ ಅಂತ ಶನಿವಾರ ನಾನ ಅಳಿಸೀನಿ," ಎಂದರು ಸಂಸ್ಥೆಯ ಮುಖ್ಯಸ್ಥ ಮಲಕಪ್ಪ.

"ಸರ, ಕಂಪ್ಯೂಟರಿಗೆ ನಾ ಬರದಿದ್ದ ಸ್ಕ್ರಿಪ್ಟ್ ತಾನ ದಿನಾ ಎರಡನೇದನ್ನ ಮೊದಲನೇದರ ಹಂಗ ಮಾಡತೈತ್ರಿ. ಅಲ್ಲಿ ಇಲ್ಲದ್ದನ್ನ ಇಲ್ಲೂ ಅಳಸತೈತಿ." ಇದನ್ನು ಅವರಿಗೆ ಎಂದೂ ಹೇಳಿರಲಿಲ್ಲವೆಂಬುದು ಹೇಳುವಾಗಲೇ ಜ್ಯೋತಿಬಾನಿಗೆ ಹೊಳೆಯಿತು.

ಸ್ವಪ್ನಾ ಕುರ್ಚಿ ಎಳೆದುಕೊಂಡು ಕುಳಿತಳು. "ಆ ಮುದುಕರಾಗ ಅರ್ಧಾ ಮಂದಿ ಈಗ ಇಲ್ಲ," ಎಂದಷ್ಟೇ ಹೇಳಿದಳು. ಬೈದಿದ್ದರೇ ಚೆನ್ನಾಗಿತ್ತು ಎನಿಸಿತು ಜ್ಯೋತಿಬಾನಿಗೆ.

ಮಧ್ಯಾಹ್ನದವರೆಗೆ ಅವನು ಸರ್ವರಿನ ಮೂಲೆ ಮೂಲೆ ಜಾಲಾಡಿದ. ಬೆಳಗಿನ ಗಾಬರಿಯಲ್ಲಿ ಕಣ್ಣಿಗೆ ಬೀಳದಿದ್ದ ಒಂದು ಫೋಲ್ಡರ್ ಆಗ ಕಂಡಿತು. ಊರು ಬಿಟ್ಟವರಲ್ಲಿ ಒಬ್ಬಳಾದ ಗಂಗಿಬಾಯಿಯದು.

"ಇದೊಂದ ಹೆಂಗ ಉಳೀತು?" ಎಂದಳು ಸ್ವಪ್ನಾ.

"ಸರ ಇದನ್ನ ಬಿಡು ಅಂದಿದ್ರಲ್ಲ," ಎಂದ ಜ್ಯೋತಿಬಾ.

ಮಲಕಪ್ಪ ತಲೆ ತಗ್ಗಿಸಿದರು. ಹೋದ ವರ್ಷ ಸ್ವಪ್ನಾ ಆ ಫೋಲ್ಡರಿನ ದೊಡ್ಡ ಫೈಲನ್ನು ದಿನಾ ತಿದ್ದುತ್ತಿದ್ದಳು. ದಿನಾ ಅದು ಹೊಸದಾಗಿ ಕಾಪಿ ಆಗಬೇಕಾಗಿ ಉಳಿದ ಕೆಲಸವೆಲ್ಲ ನಿಲ್ಲುತ್ತಿತ್ತು. "ಆ ಮುದುಕಿ ಅಣೆಕಟ್ಟಿನ ಸುದ್ದೀನ ಹೇಳೂದಿಲ್ಲ, ಬರೇ ಮನಿ ಸುದ್ದಿ. ಅದನ್ನ ಬಿಟ್ಟಬಿಡು," ಎಂದು ಮಲಕಪ್ಪ ರೇಗಿದ್ದರು. ಜ್ಯೋತಿಬಾ ಆ ಹೆಸರನ್ನು ಬಿಡಬೇಕಾದವುಗಳ ಸಾಲಿಗೆ ಸೇರಿಸಿದ್ದ. ಅಂದಿನಿಂದ ಸ್ಕ್ರಿಪ್ಟ್ ಆ ಫೋಲ್ಡರನ್ನು ಮುಟ್ಟಿರಲಿಲ್ಲ. ಕಾಪಿಯನ್ನೂ ಮಾಡಲಿಲ್ಲ, ಅಳಿಸಲೂ ಇಲ್ಲ. ಎರಡನೇ ಸರ್ವರಿಗೆ ಮೊದಲು ಬಂದು ಬಿದ್ದಿದ್ದ ಪ್ರತಿ ಹಾಗೆಯೇ ಉಳಿದಿತ್ತು.

"ಇದ್ದವರ ಮನಿಗರೆ ಮತ್ತ ಹೋಗೂಣು," ಎಂದಳು ಸ್ವಪ್ನಾ. "ಇಲ್ಲದವರದು ಹೋತು."

ಮಲಕಪ್ಪ ಉಳಿದ ಆ ಫೋಲ್ಡರಿನತ್ತ ಬೆರಳು ತೋರಿಸಿ, "ಅದನ್ನ ಹಚ್ಚು, ಕೇಳೂಣು," ಎಂದರು.

ಮೊದಲು ಕೋಳಿಗಳ ಸದ್ದು, ಯಾರೋ ಕೊಡ ಇಳಿಸಿದ ಸದ್ದು. ಆಮೇಲೆ ಗಂಗಿಬಾಯಿಯ ಒಡಕು ದನಿ:

"ಊರು ಬಿಡೂ ದಿನ ಬಾಗಲಕ್ಕ ಕೀಲಿ ಹಾಕಲಿಲ್ಲ ತಂಗಿ. ಹೆಂಗೂ ನೀರು ಒಳಗ ಬರೂದ ಇತ್ತು. ಬಾಗಲಾ ಯಾಕ ಮುರಸೂದು ಅಂತ, ತೆರದಿಟ್ಟ ಬಂದ್ನಿ."