ಎರೆ ಹೊಲದ ಬಿರುಕು

ಕುಂಡದ ಎರೆಮಣ್ಣಿಗೆ ನೀರು ಹಾಕಿದಾಗ ಏಳುವ ವಾಸನೆಗೆ ಇಂದಿಗೂ ನನ್ನ ಕೈ ತಾನಾಗಿ ಕಿವಿಗೆ ಹೋಗುತ್ತದೆ.

ಎರಡನೇ ಮಹಾಯುದ್ಧದ ಕಾಲದ, ನನ್ನ ಬಾಲ್ಯದ ಒಂದು ಬೇಸಿಗೆ. ಬಬಲೇಶ್ವರದ ನಮ್ಮ ಹೊಲ ಬಿಸಿಲಿಗೆ ಬಾಯಿಬಿಟ್ಟಿತ್ತು. ಬಿರುಕಿನೊಳಗೆ ನನ್ನ ತೋಳು ಭುಜದವರೆಗೂ ಇಳಿಯುತ್ತಿತ್ತು. ಅಜ್ಜಿ ಜೋಳದ ಕೂಳೆ ಕೀಳುತ್ತಿದ್ದಳು. ಜೊತೆಗೆ ಬಂದಿದ್ದ ಕಾಕು, ನನ್ನ ಚಿಕ್ಕಪ್ಪನ ಹೆಂಡತಿ, ಎಲ್ಲೂ ಕಾಣಲಿಲ್ಲ. ಚಳಿಗಾಲದಲ್ಲಿ ಅವಳಿಗೆ ಗಂಡುಮಗು ಹುಟ್ಟಿತ್ತು. ಅದು ಟಿಕೋಟಾದಲ್ಲಿ, ಅವಳ ತವರಿನಲ್ಲಿದೆ ಎಂದು ನನಗೆ ಹೇಳಿದ್ದರು.

ಹುಡುಕಿಕೊಂಡು ಹೋದರೆ, ಅವಳು ಬೇವಿನ ಮರದಾಚೆ ಬೋರಲು ಮಲಗಿ ಬಿರುಕಿಗೆ ಬಾಯಿಟ್ಟು ಮಾತಾಡುತ್ತಿದ್ದಳು. ನನ್ನನ್ನು ಕಂಡು ನಕ್ಕಳು.

"ಬಾ, ಕಿವಿ ಇಡು. ಅಳಾಕತ್ತಾನ."

ಕಿವಿ ಇಟ್ಟೆ. ಆ ಸುಡುವ ಮಧ್ಯಾಹ್ನದಲ್ಲಿ ಒಳಗಿಂದ ತಣ್ಣನೆಯ ಗಾಳಿ ಬಂತು. ಅದರ ಹಿಂದೆ, ಬಹಳ ಆಳದಲ್ಲಿ, ಎಳೆಯ ದನಿಯೊಂದು ಬಿಕ್ಕುತ್ತಿತ್ತು.

ಅಜ್ಜಿ ಓಡಿಬಂದು ನನ್ನನ್ನು ಎಳೆದುಕೊಂಡಳು. "ಏನೂ ಇಲ್ಲಬೇ. ಎರಿ ಭೂಮಿ ಬಿಸಲಿಗೆ ಉಸರು ಬಿಡತೈತಿ, ಅಷ್ಟ."

"ನನಗೂ ಕೇಳಸ್ತು," ಎಂದೆ.

ಅಜ್ಜಿ ನನ್ನ ಮುಖ ನೋಡಿದಳು. ಆಮೇಲೆ ಕಾಕುವಿನ ಪಕ್ಕ ಕುಳಿತು, ತಾನೂ ನಿಧಾನವಾಗಿ ಬಾಗಿ ಕಿವಿ ಇಟ್ಟಳು. ಬಹಳ ಹೊತ್ತು ಏಳಲಿಲ್ಲ.

ಮಳೆ ಬಂದು ಮಣ್ಣು ಉಬ್ಬಿ ಬಿರುಕುಗಳೆಲ್ಲ ಮುಚ್ಚಿದವು. ಬಿತ್ತುವ ದಿನ ಅಪ್ಪನ ಕೂರಿಗೆ ಬೇವಿನ ಮರದಾಚೆ ಹೊರಳಿದಾಗ ಅಜ್ಜಿ ಎತ್ತುಗಳ ಮುಂದೆ ಹೋಗಿ ನಿಂತಳು.

"ಇಷ್ಟು ಜಾಗಾ ಬಿಟ್ಟು ಬಿತ್ತಪಾ."

"ಯವ್ವಾ, ಹೊಲದಾಗ ಎಲ್ಲಾಕಿಂತ ಚಲೋ ಮಣ್ಣು ಇದ ಐತಿ," ಎಂದ ಅಪ್ಪ. "ಏನ ಹಾಕಿದರೂ ಬೆಳಿತೈತಿ."

"ಅದಕ್ಕ ಹೇಳಾಕತ್ತೇನಿ," ಎಂದಳು ಅಜ್ಜಿ.